ನಾಲ್ಕು ಪಾಯಸದ ಸ್ಕ್ರಿಪ್ಟು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು ನಂಬಲಿಲ್ಲ. ಮೈಸೂರಿನ ಅಜ್ಜಿ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಸರಿ, ಈಗ ನಿಜವಾಗಿ ನಡೆದದ್ದು ಹೇಳು ಎಂದರು. ನಿಜವಾಗಿ ನಡೆದದ್ದು ಇದೇ. ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಫ್ಲ್ಯಾಟಿನ ಓಣಂ ಊಟಕ್ಕೆ, ಹನ್ನೊಂದನೇ ಕ್ಲಾಸಿನ ಮಹಾ ಬುದ್ಧಿವಂತೆಯೊಬ್ಬಳು, ಅಂದರೆ ನಾನು, ಕಂಪ್ಯೂಟರಿನಲ್ಲಿ ಒಂದೇ ಒಂದು ಬಟನ್ ಒತ್ತಿ, ಇಡೀ ಕಟ್ಟಡದಲ್ಲಿ ಒಂದು ಅಗುಳು ಅನ್ನ ಇಲ್ಲದ ಹಾಗೆ, ಆದರೆ ಈಜು ಕಲಿಯುವಷ್ಟು ಪಾಯಸ ಇರುವ ಹಾಗೆ ಮಾಡಿದಳು.

ನಾವು ಮೈಸೂರಿನವರು. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಇಲ್ಲಿಗೆ ಬಂದಾಗ ನಾನು ಎಷ್ಟು ಚಿಕ್ಕವಳೆಂದರೆ ನನ್ನನ್ನು ಸೂಟ್‌ಕೇಸಿನ ಮೇಲೆ ಕೂರಿಸಿ ತಂಪಾನೂರ್ ಸ್ಟೇಷನ್ನಿನ ಹೊರಗೆ ಎಳೆದು ತಂದರಂತೆ. ಅಮ್ಮ ಕನ್ನಡದಲ್ಲಿ ಬೈಯುತ್ತಾರೆ, ನಾನು ಮಲಯಾಳದಲ್ಲಿ ಉತ್ತರ ಕೊಡುತ್ತೇನೆ, ಅಪ್ಪ ಯಾವ ಭಾಷೆಯಲ್ಲೂ ಬಾಯಿ ಬಿಡುವುದಿಲ್ಲ. ಈಗ ಇದನ್ನು ಇಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆಯುತ್ತಿರುವುದು ಕೂಡ ನೀವು ಮೆಚ್ಚಿಕೊಳ್ಳಲಿ ಎಂದೇ.

ನಮ್ಮ ಕಟ್ಟಡದಲ್ಲಿ ಓಣಂ ಆದ ಮೇಲಿನ ಭಾನುವಾರ ಎಲ್ಲರೂ ಒಟ್ಟಿಗೆ ಎಲೆ ಹಾಕಿಕೊಂಡು ಊಟ ಮಾಡುತ್ತಾರೆ. ಒಂದೊಂದು ಮನೆಗೆ ಒಂದೊಂದು ಅಡುಗೆ. ಯಾರ ಮನೆಯಲ್ಲಿ ಏನು ಮಾಡುತ್ತಿದ್ದಾರೆ ಎಂಬುದು ಗುಟ್ಟು. ಎಲೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ಈ ಅವಿಯಲ್ ಎರಡನೇ ಮಹಡಿಯದು, ಈ ಸಾಂಬಾರಿನ ಕೈ ನನಗೆ ಗೊತ್ತು ಎಂದು ಊಹಿಸುವುದು ಊಟಕ್ಕಿಂತ ದೊಡ್ಡ ಆಟ. ಈ ಆಟ ಶುರು ಮಾಡಿದವರು ಮೂರನೇ ಮಹಡಿಯ ಟೀಚರ್. ರಿಟೈರ್ ಆಗಿ ಎಷ್ಟೋ ಕಾಲವಾಯಿತು, ಆದರೂ ಅವರು ಲಿಫ್ಟಿನೊಳಗೆ ಬಂದರೆ ನಾವೆಲ್ಲ ಕಾಲು ಜೋಡಿಸಿ ನಿಲ್ಲುತ್ತೇವೆ. ಪ್ರತಿ ವರ್ಷ ಅವರೇ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಕುಲುಕುತ್ತಿದ್ದರು. ಈ ವರ್ಷ ಮಂಡಿ ನೋವು ಎಂದು ಜವಾಬ್ದಾರಿ ಬಿಟ್ಟುಕೊಟ್ಟರು. ಮೀಟಿಂಗಿನಲ್ಲಿ ಎಲ್ಲರೂ ಚಾವಣಿ ನೋಡುತ್ತಿದ್ದಾಗ ನಮ್ಮಮ್ಮ ಕೈ ಎತ್ತಿದರು.

ಎಲ್ಲರ ಕಣ್ಣೂ ಚಾವಣಿಯಿಂದ ಕೆಳಗಿಳಿಯಿತು. ಫ್ಯಾನು ಕೂಡ ತಿರುಗುವುದನ್ನು ನಿಲ್ಲಿಸಿ ಅಮ್ಮನನ್ನು ನೋಡಿತು. ಟೀಚರ್ ಬಹಳ ಮೃದುವಾಗಿ, ಸದ್ಯ (ಎಂದರೆ ಓಣಂ ಊಟ) ಅಷ್ಟು ಸುಲಭ ಅಲ್ಲ ಮೋಳೇ, ಕನ್ನಡದವರಿಗೆ ಅಭ್ಯಾಸ ಇರುವುದಿಲ್ಲ ಎಂದರು. ಅಮ್ಮ ನಕ್ಕರು. ನನಗೆ ಆ ನಗು ಗೊತ್ತು. ಅಪ್ಪನಿಗೂ ಗೊತ್ತು, ಅವರು ಆಗಲೇ ಬಾಗಿಲ ಕಡೆ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಅಮ್ಮ ಚಪ್ಪಲಿ ಬಿಡುತ್ತಾ ಹೇಳಿದ್ದು ಒಂದೇ ಮಾತು.

“ಈ ಸಲ ಉಪ್ಪಿಂದ ಮಜ್ಜಿಗೆವರ್ಗೂ ಒಂದೂ ಹೆಚ್ಚುಕಮ್ಮಿ ಆಗ್ಬಾರ್ದು. ಆಯ್ತೋ, ಇನ್ನು ಹತ್ತು ವರ್ಷ ಇವ್ರ ಮಧ್ಯೆ ನಾನು ‘ಆ ಕನ್ನಡದೋಳು’ ಆಗೇ ಇರ್ತೀನಿ.”

ಇಂಥ ಸಂದರ್ಭದಲ್ಲಿ ಒಳ್ಳೆಯ ಮಗಳು ತೆಂಗಿನಕಾಯಿ ತುರಿಯುತ್ತಾಳೆ. ನಾನು ಡೇಟಾಬೇಸ್ ಮಾಡಿದೆ. ಸ್ಟೀಲ್ ಡಬ್ಬಿ, ಚೀಟಿ ಎಲ್ಲ ಹಳೇ ಕಾಲ, ನಾನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯುತ್ತೇನೆ, ಅದೇ ಮನೆ ಆರಿಸುತ್ತದೆ, ಅದೇ ಆ ಮನೆಯ ಫೋನಿಗೆ ಮೆಸೇಜ್ ಕಳಿಸುತ್ತದೆ, ಗುಟ್ಟು ನನಗೂ ಗೊತ್ತಾಗುವುದಿಲ್ಲ ಎಂದು ಭಾಷಣ ಬಿಗಿದೆ. ಅಮ್ಮ ಒಪ್ಪಿದರು. ಅಪ್ಪನ ಹಳೇ ಲ್ಯಾಪ್‌ಟಾಪ್ ಸಿಕ್ಕಿತು. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ, ಪ್ಲಗ್ ಕಿತ್ತರೆ ಅಲ್ಲೇ ಕಣ್ಣು ಮುಚ್ಚುತ್ತದೆ. ಫ್ಯಾನು ಶುರುವಾದರೆ ಸರ್ಕಾರಿ ಬಸ್ಸು ಘಾಟಿ ಹತ್ತುತ್ತಿದೆ ಎಂದು ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುತ್ತಾರೆ.

ಅಡುಗೆಗಳ ಹೆಸರನ್ನು ಅಮ್ಮ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಇಲ್ಲಿ ಸ್ವಲ್ಪ ಗಮನ ಕೊಡಿ. ಮಲಯಾಳಿಗಳ ಎಲೆಯಲ್ಲಿ ಪಾಯಸ ಬರುವುದು ಎಲ್ಲ ಮುಗಿದ ಮೇಲೆ. ಮೈಸೂರಿನ ನಮ್ಮ ಮನೆಗಳಲ್ಲಿ ಎಲೆ ಹಾಸಿದ ತಕ್ಷಣ ಮೂಲೆಗೆ ಒಂದು ಚಮಚ ಪಾಯಸ ಬೀಳಬೇಕು, ಆಮೇಲೆ ಮಿಕ್ಕದ್ದು. ಅಮ್ಮ ಕಣ್ಣು ಮುಚ್ಚಿಕೊಂಡು, ಅವರ ಮನಸ್ಸಿನಲ್ಲಿದ್ದ ಎಲೆ ನೋಡಿಕೊಂಡು ಹೇಳಿದರು: ಪಾಯಸ, ನೇಂದ್ರ ಚಿಪ್ಸ್, ಉಪ್ಪಿನಕಾಯಿ, ಶುಂಠಿಯ ಇಂಜಿಕ್ಕರಿ, ಅವಿಯಲ್, ಹಪ್ಪಳ, ಆಮೇಲೆ ಅನ್ನ, ಪರಿಪ್ಪು ಎಂಬ ತೊವ್ವೆ, ಸಾಂಬಾರ್, ರಸಂ, ಮೋರು ಎಂಬ ಮಜ್ಜಿಗೆ. ಪ್ರತಿಯೊಂದಕ್ಕೂ ಎಷ್ಟು ಎಲೆಗೆ ಎಂದು ಕೇಳಿದೆ. ಎಲ್ಲಕ್ಕೂ ಅರವತ್ತು ಎಂದರು. ಹಪ್ಪಳಕ್ಕೆ ಮಾತ್ರ “ಬೇಕಾದಷ್ಟು” ಎಂದರು. ನಾನು ಆಜ್ಞಾಪಾಲಕಿ, ‘ಬೇಕಾದಷ್ಟು’ ಎಂದೇ ಟೈಪ್ ಮಾಡಿದೆ.

ಸ್ಕ್ರಿಪ್ಟು ಮಾಡಬೇಕಾದ ಕೆಲಸ ಬಹಳ ಸರಳ. ಮೇಲಿನಿಂದ ಒಂದೊಂದೇ ಅಡುಗೆ ತೆಗೆದುಕೊಳ್ಳುವುದು, ಇನ್ನೂ ಏನೂ ಸಿಗದ ಒಂದು ಮನೆಯನ್ನು ಲಾಟರಿಯಂತೆ ಆರಿಸುವುದು, ಆ ಮನೆಯ ಹೆಸರಿನಲ್ಲಿ ಬರೆಯುವುದು, ಮೆಸೇಜ್ ಕಳಿಸುವುದು. ಮನೆ ಸಿಗದಿದ್ದರೆ ಸುಮ್ಮನೆ ಮುಂದೆ ಹೋಗುವುದು. ಮಿಕ್ಕ ಮನೆಗಳಿಗೆ ತರಕಾರಿ ಹೆಚ್ಚುವ, ಬಡಿಸುವ ಕೆಲಸ. ಬಟನ್ ಒತ್ತಿದೆ. ಲ್ಯಾಪ್‌ಟಾಪ್ ಘಾಟಿ ಹತ್ತಿತು. ಅರ್ಧ ದಾರಿಯಲ್ಲಿ ಕೆಂಪು ಅಕ್ಷರ ಬಂದು ನಿಂತಿತು.

ಲಿಫ್ಟು ಬರದಿದ್ದರೆ ನೀವೇನು ಮಾಡುತ್ತೀರಿ? ಇನ್ನೊಮ್ಮೆ ಬಟನ್ ಒತ್ತುತ್ತೀರಿ. ನಾನೂ ಒತ್ತಿದೆ. ಮತ್ತೆ ಕೆಂಪು. ಲ್ಯಾಪ್‌ಟಾಪನ್ನು ಆಫ್ ಮಾಡಿ, ಅದಕ್ಕೆ ಸ್ವಲ್ಪ ಗಾಳಿ ಹಾಕಿ, ಬೆನ್ನು ಸವರಿ, ಮತ್ತೆ ಒತ್ತಿದೆ. ಮತ್ತೆ ಕೆಂಪು. ಆಗ ಕೆಂಪು ಅಕ್ಷರವನ್ನು ಓದುವ ಹೊಸ ಐಡಿಯಾ ಹೊಳೆಯಿತು. ಸಂಖ್ಯೆ ಇರಬೇಕಾದ ಜಾಗದಲ್ಲಿ ‘ಬೇಕಾದಷ್ಟು’ ಇದೆ ಎಂದು ಅದು ಗೋಳಾಡುತ್ತಿತ್ತು. ಅರವತ್ತು ಎಂದು ತಿದ್ದಿ ಒತ್ತಿದೆ. ಈ ಸಲ ಕೊನೆಯವರೆಗೂ ಓಡಿತು, ಒಂದು ಕೆಂಪು ಚುಕ್ಕೆಯೂ ಇಲ್ಲ. ಅಮ್ಮನಿಗೆ ಕೆಲಸ ಮುಗಿಯಿತು ಎಂದು ಘೋಷಿಸಿ, ಡೈನಿಂಗ್ ಟೇಬಲ್ಲಿನ ಸುತ್ತ ಒಂದು ಸುತ್ತು ಗಂಭೀರವಾಗಿ ನಡೆದೆ.

ಗೊತ್ತಾದದ್ದು ಊಟದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಲಿಫ್ಟಿನಲ್ಲಿ. ಟೀಚರ್ ಹತ್ತಿದರು, ಚೀಲದಲ್ಲಿ ಬೆಲ್ಲ, ಅಡ ಪ್ಯಾಕೆಟ್ಟು. ಅಡ ಎಂದರೆ ಪಾಯಸಕ್ಕೆ ಹಾಕುವ ಅಕ್ಕಿಯ ಚೂರು, ಬೇರೆ ಯಾವುದಕ್ಕೂ ಬರುವುದಿಲ್ಲ. ಅವರ ಹಿಂದೆ ನಾಲ್ಕನೇ ಮಹಡಿಯ ಚೇಚಿ, ಅಂದರೆ ಅಕ್ಕ, ಎರಡೂ ಕೈಯಲ್ಲಿ ಹಾಲಿನ ಪ್ಯಾಕೆಟ್ಟುಗಳು, ಒಂದು ಕರುವನ್ನು ಸಾಕಬಹುದಾದಷ್ಟು. ಬಾಗಿಲು ಮುಚ್ಚುವಷ್ಟರಲ್ಲಿ ಐದನೇ ಮಹಡಿಯ ಅಂಕಲ್ ಒಂದು ಗೊನೆ ನೇಂದ್ರಬಾಳೆಯನ್ನು ಮಗುವಿನಂತೆ ಎತ್ತಿಕೊಂಡು, ಬೆಲ್ಲದ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ನುಗ್ಗಿದರು. ಮೂವರೂ ತಮ್ಮ ತಮ್ಮ ಸಾಮಾನು ಬೆನ್ನ ಹಿಂದೆ ಸರಿಸಿ ಹವಾಮಾನದ ಬಗ್ಗೆ ಮಾತಾಡಿದರು. ಇಳಿಯುವಾಗ ಒಬ್ಬೊಬ್ಬರೂ ನನಗೆ ಮಾತ್ರ ಕಾಣುವಂತೆ ಕಣ್ಣು ಮಿಟುಕಿಸಿದರು.

ಮನೆಗೆ ಬಂದು ಡೇಟಾಬೇಸಿನ ಟೇಬಲ್, ಅಂದರೆ ಯಾವ ಮನೆಗೆ ಏನು ಎಂಬ ಪಟ್ಟಿ, ತೆರೆದು ನೋಡಿದೆ. ನಾಲ್ಕು ಸಲ ಒತ್ತಿದ್ದೆ. ನಾಲ್ಕು ಸಲವೂ ಸ್ಕ್ರಿಪ್ಟು ಮೇಲಿನಿಂದಲೇ ಶುರು ಮಾಡಿತ್ತು. ಮೂರು ಸಲ ಹಪ್ಪಳದ ಹತ್ತಿರ ಎಡವಿ ಬಿದ್ದಿತ್ತು, ಆದರೆ ಬೀಳುವ ಮುಂಚೆ ಮಾಡಿದ್ದೆಲ್ಲ ಹಾಗೇ ಉಳಿದಿತ್ತು. ನಾಲ್ಕು ಮನೆಗೆ ಪಾಯಸ, ನಾಲ್ಕು ಮನೆಗೆ ಚಿಪ್ಸ್, ನಾಲ್ಕು ಮನೆಗೆ ಉಪ್ಪಿನಕಾಯಿ, ಹೀಗೆ ಅವಿಯಲ್‌ವರೆಗೆ. ನಮ್ಮದು ಬಿಟ್ಟರೆ ಕಟ್ಟಡದಲ್ಲಿರುವುದು ಇಪ್ಪತ್ತೇ ಮನೆ. ಹಪ್ಪಳದ ಸರದಿ ಬರುವಷ್ಟರಲ್ಲಿ ಮನೆಗಳೇ ಖಾಲಿ. ಮನೆ ಸಿಗದಿದ್ದರೆ ಸುಮ್ಮನೆ ಹೋಗು ಎಂದು ನಾನೇ ಬರೆದಿದ್ದೆನಲ್ಲ, ಅದು ಅನ್ನವನ್ನೂ ಸಾಂಬಾರನ್ನೂ ದಾಟಿ ಸುಮ್ಮನೆ ಹೋಗಿತ್ತು. ಮಲಯಾಳಿಗಳ ಎಲೆಯಂತೆ ಪಾಯಸವನ್ನು ಕೊನೆಗೆ ಹಾಕಿದ್ದರೆ ಅದಕ್ಕೊಂದು ಮನೆಯೂ ಸಿಗುತ್ತಿರಲಿಲ್ಲ, ಪಾಯಸವಾದರೂ ಸಿಕ್ಕಿದ್ದು ನನ್ನ ಪುಣ್ಯ.

ಅಡುಗೆಮನೆಯಲ್ಲಿ ಅಮ್ಮ ಬಾಳೆ ಎಲೆ ಒರೆಸಿ ಜೋಡಿಸುತ್ತಾ ಸಣ್ಣಗೆ ಹಾಡುತ್ತಿದ್ದರು. ನಾಳೆ ಅರವತ್ತು ಜನ ಕೂತು, ಅನ್ನ ಎಲ್ಲಿ ಎಂದು ಕೇಳುವಾಗ ಟೀಚರ್ ಮುಖ ಹೇಗಿರುತ್ತದೆ, ಅಮ್ಮನ ಮುಖ ಹೇಗಿರುತ್ತದೆ ಎಂದು ಯೋಚಿಸಿದೆ. ತಕ್ಷಣ ಚಪ್ಪಲಿ ಹಾಕಿಕೊಂಡು ಚಿಕ್ಕಮ್ಮನನ್ನು ಕರೆತರುತ್ತೇನೆ ಎಂದು ಕೂಗಿ ಬಸ್ಸು ಹತ್ತಿದೆ.

ಚಿಕ್ಕಮ್ಮ ಅಮ್ಮನ ತಂಗಿ. ಕೊಚ್ಚಿಯ ಕಾಕ್ಕನಾಡ್‌ನಲ್ಲಿ ಐಟಿ ಪಾರ್ಕಿನಲ್ಲಿ ಕೆಲಸ. ಡೇಟಾಬೇಸುಗಳನ್ನು ನೋಡಿಕೊಳ್ಳುವುದೇ ಅವರ ಹೊಟ್ಟೆಪಾಡು. ಊಟಕ್ಕೆಂದೇ ರೈಲಿನಲ್ಲಿ ಬರುತ್ತಿದ್ದರು. ತಂಪಾನೂರ್ ಸ್ಟೇಷನ್ನಿನಲ್ಲಿ ಅವರ ಬ್ಯಾಗು ಹೊರುವ ವಿನಯ ತೋರಿಸಿ, ಎದುರಿನ ಚಹಾದಂಗಡಿಗೆ ಎಳೆದುಕೊಂಡು ಹೋಗಿ, ಪಳಂಪೊರಿ ತರಿಸಿದೆ. ಆಮೇಲೆ ನನ್ನ ಒಬ್ಬ ಫ್ರೆಂಡ್ ಇದ್ದಾಳೆ, ಅವಳು ಒಂದು ಸ್ಕ್ರಿಪ್ಟನ್ನು ಕೆಲವು ಸಲ ಓಡಿಸಿಬಿಟ್ಟಳು ಎಂದು ಶುರು ಮಾಡಿದೆ.

ಚಿಕ್ಕಮ್ಮ ಬಾಳೆಹಣ್ಣಿನ ಬಜ್ಜಿ ಅಗಿಯುತ್ತಾ ಕೇಳಿದರು, “ಆ ಫ್ರೆಂಡ್‌ಗೆ ಎಷ್ಟು ಪಾಯಸ ಆಯ್ತಂತೆ?”

ನಾನು ಪಾಯಸದ ಮಾತೇ ಎತ್ತಿರಲಿಲ್ಲ. ಬೆಳಿಗ್ಗೆ ರೈಲಿನಲ್ಲಿದ್ದಾಗಲೇ ಅಮ್ಮ ಫೋನ್ ಮಾಡಿ, ಕಟ್ಟಡದ ತುಂಬಾ ಬೆಲ್ಲ ಕಾಯುವ ವಾಸನೆ ಬರುತ್ತಿದೆ, ಯಾರ ಮನೆಯದೋ ಗೊತ್ತಾಗುತ್ತಿಲ್ಲ, ಎಲ್ಲ ಮಹಡಿಯಲ್ಲೂ ಬರುತ್ತಿದೆ ಎಂದು ಖುಷಿಯಿಂದ ಹೇಳಿದ್ದರಂತೆ. ಡೇಟಾಬೇಸಿನ ವಿಷಯ ಅದಕ್ಕೂ ಮುಂಚೆ ಕೊಚ್ಚಿಗೆಲ್ಲ ಕೇಳಿಸುವಂತೆ ನಾನೇ ಸಾರಿದ್ದೆ. ಎರಡನ್ನೂ ಕೂಡಿಸಲು ಚಿಕ್ಕಮ್ಮನಿಗೆ ಒಂದು ಸ್ಟೇಷನ್ ಕೂಡ ಬೇಕಾಗಿರಲಿಲ್ಲ.

ಎಲ್ಲ ಅಳಿಸಿ ಮೊದಲಿನಿಂದ ಓಡಿಸಿಬಿಡುತ್ತೇನೆ ಎಂದೆ. ಚಿಕ್ಕಮ್ಮ ತಲೆ ಆಡಿಸಿದರು. ಟೇಬಲ್ಲಿನಲ್ಲಿ ಅಳಿಸಬಹುದು, ನೆನೆಹಾಕಿದ ಅಡವನ್ನು ಮತ್ತೆ ಪ್ಯಾಕೆಟ್ಟಿಗೆ ಹೇಗೆ ತುಂಬುತ್ತೀಯ ಎಂದು ಕೇಳಿದರು. ಆಮೇಲೆ ಗ್ಲಾಸಿನ ತಳದ ಚಹಾ ಮುಗಿಸಿ, ನಾನು ಈವರೆಗೆ ಕೇಳಿದ ಅತ್ಯಂತ ಉಪಯೋಗದ ಪಾಠ ಮಾಡಿದರು. ಅದನ್ನು ಅವರ ಬಾಯಲ್ಲೇ ಕೇಳಿ.

“ಮದುವೆ ಊಟದಲ್ಲಿ ನೋಡಿದ್ದೀಯಲ್ಲ, ಕೆಲವರು ಬಡಿಸೋರು ಬಂದ್ ಸಲಾನೆಲ್ಲ ಪಲ್ಯ ಹಾಕ್ಕೊಂಡು ಹೋಗ್ತಾರೆ. ಎಲೇಲಿ ಏನಿದೆ ಅಂತ ನೋಡೋದೇ ಇಲ್ಲ. ನಿನ್ ಸ್ಕ್ರಿಪ್ಟು ಆ ತರ ಕಣೇ. ಒಳ್ಳೆ ಬಡಿಸೋನು ಮೊದ್ಲು ಎಲೆ ನೋಡ್ತಾನೆ. ಪಲ್ಯ ಇದ್ರೆ ಮುಂದಕ್ಕೆ ಹೋಗ್ತಾನೆ, ಇಲ್ದಿದ್ರೆ ಹಾಕ್ತಾನೆ. ಅವನನ್ನ ನೂರು ಸಲ ಕಳ್ಸು, ಎಲೆ ಹಾಗೇ ಇರತ್ತೆ. ಸ್ಕ್ರಿಪ್ಟಿಗೆ ‘ಹಾಕು’ ಅನ್ಬೇಡ. ‘ಇರ್ಲಿ’ ಅನ್ನು.”

ಮೊದಲು ಎಲೆ ನೋಡಬೇಕು. ಅಂದರೆ ಯಾವ ಮನೆಯಲ್ಲಿ ನಿಜವಾಗಿ ಏನು ಆಗಿದೆ, ಏನು ಆಗಿಲ್ಲ ಎಂದು ತಿಳಿಯಬೇಕು. ಬಾಯಿ ಬಿಟ್ಟು ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಅಮ್ಮನ ಕಿವಿಗೂ ಬೀಳುತ್ತದೆ. ಹಾಗಾಗಿ ನಾವಿಬ್ಬರೂ ಮೂಗನ್ನು ಬಳಸಿದೆವು. ಚಿಕ್ಕಮ್ಮ ಬಂದಿದ್ದಾರೆ, ಪರಿಚಯ ಮಾಡಿಸೋಣ ಎಂದು ಬಂದೆ ಎನ್ನುತ್ತಾ ಮನೆಮನೆಯ ಬಾಗಿಲು ಬಡಿದು, ಒಳಗಿನ ಗಾಳಿ ಎಳೆದುಕೊಂಡು, ಕೊಟ್ಟ ಬಾಳೆಕಾಯಿ ಚಿಪ್ಸ್ ತಿಂದು, ಮುಂದಿನ ಮನೆಗೆ ಹೋದೆವು. ಒಂದು ಮನೆಯಲ್ಲಿ ಶುಂಠಿ ಕರಿಯುವ ವಾಸನೆ ಎಷ್ಟು ಜೋರಾಗಿತ್ತೆಂದರೆ ಚಿಕ್ಕಮ್ಮ ಸೀನಿ ಸೀನಿ ಪರಿಚಯ ಹೇಳಿಕೊಂಡರು. ಇಂಜಿಕ್ಕರಿ ಆ ಮನೆಯಲ್ಲಿ ಆಗಿಹೋಗಿದೆ ಎಂದು ನಾನು ಫೋನಿನಲ್ಲಿ ಗುರುತು ಮಾಡಿಕೊಂಡೆ. ಉಳಿದ ಮೂರು ಇಂಜಿ ಮನೆಗಳಲ್ಲಿ ಶುಂಠಿ ಇನ್ನೂ ಮಣ್ಣು ಕೂಡ ತೊಳೆಯದೆ ಕೂತಿತ್ತು. ಪಾಯಸದ ನಾಲ್ಕು ಮನೆಗಳಲ್ಲಿ ಮಾತ್ರ ಹಿಂದೆ ಹೋಗುವ ದಾರಿಯೇ ಇರಲಿಲ್ಲ. ಒಂದು ಕಡೆ ಅಡ ನೆನೆಯುತ್ತಿತ್ತು, ಒಂದು ಕಡೆ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅಂಕಲ್ ಮನೆಯಲ್ಲಿ ನೇಂದ್ರಬಾಳೆ ಬೆಲ್ಲದಲ್ಲಿ ಬೇಯುತ್ತಿತ್ತು, ಆರನೇ ಮಹಡಿಯಲ್ಲಿ ಹೆಸರುಬೇಳೆ ಹುರಿಯುತ್ತಿದ್ದರು.

ಮೆಟ್ಟಿಲ ಮೇಲೆ ಕೂತು ಚಿಕ್ಕಮ್ಮ ಹೇಳಿದರು, ನಾಲ್ಕೂ ಬೇರೆ ಬೇರೆ ಪಾಯಸ ಕಣೇ, ಇದನ್ನು ತೆಗೆಯುವುದು ಬೇಡ, ಹೀಗೇ ಇರಲಿ.

ಮಧ್ಯಾಹ್ನ ನನ್ನ ರೂಮಿನಲ್ಲಿ ಹೊಸ ಸ್ಕ್ರಿಪ್ಟು ಬರೆದೆವು. ಬರೆದೆವು ಎಂದರೆ ಚಿಕ್ಕಮ್ಮ ಹಾಸಿಗೆಯ ಮೇಲೆ ಕಾಲು ಚಾಚಿ ಹೇಳುತ್ತಿದ್ದರು, ನಾನು ಬೆವರುತ್ತಿದ್ದೆ. ಪ್ರತಿ ಅಡುಗೆಗೂ ಮೊದಲು ನೋಡು: ಬೇಕಾದಷ್ಟು ಮನೆ ಇದೆಯಾ? ಇದ್ದರೆ ಮುಟ್ಟಬೇಡ. ಕಡಿಮೆ ಇದ್ದರೆ, ಇನ್ನೂ ಒಲೆ ಹಚ್ಚದ, ಹೆಚ್ಚಾದ ಮನೆಯೊಂದನ್ನು ಇಲ್ಲಿಗೆ ಬದಲಾಯಿಸು. ಮನೆ ಸಿಗದಿದ್ದರೆ ಸುಮ್ಮನೆ ಹೋಗಬೇಡ, ಕಿರುಚಿ ಹೇಳು. ಶುರುವಿನಿಂದ ಕೊನೆಯವರೆಗೆ ಎಲ್ಲ ಆದರೆ ಮಾತ್ರ ಉಳಿಸು, ಮಧ್ಯೆ ಬಿದ್ದರೆ ಏನೂ ಆಗಿಲ್ಲದಂತೆ ಬಿಟ್ಟುಬಿಡು. ಮೆಸೇಜ್ ಎಲ್ಲಕ್ಕಿಂತ ಕೊನೆಗೆ, ಅದೂ ಬದಲಾದ ಮನೆಗೆ ಮಾತ್ರ.

ಆಮೇಲೆ ಅದನ್ನು ಸಾಯಿಸಲು ನೋಡಿದೆವು. ಮೆಸೇಜ್ ಆಫ್ ಮಾಡಿ, ಸ್ಕ್ರಿಪ್ಟು ಓಡುತ್ತಿರುವಾಗಲೇ ಚಿಕ್ಕಮ್ಮ ಕಾಲಿನ ಬೆರಳಲ್ಲಿ ಪ್ಲಗ್ ಸ್ವಿಚ್ಚು ಒತ್ತುತ್ತಿದ್ದರು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ತಕ್ಷಣ ಕಪ್ಪಾಗುತ್ತಿತ್ತು. ಮತ್ತೆ ಹಚ್ಚಿ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ಮೊದಲಿನಿಂದ ಸರಿಯಾಗಿ ಮಾಡುತ್ತಿತ್ತು. ಪೂರ್ತಿ ಆದ ಮೇಲೆ ಮತ್ತೊಮ್ಮೆ ಓಡಿಸಿದರೆ ‘ಮಾಡಲು ಏನೂ ಇಲ್ಲ’ ಎಂದು ಒಂದೇ ಸಾಲು. ಇನ್ನೊಮ್ಮೆ ಓಡಿಸಿದೆ. ಮಾಡಲು ಏನೂ ಇಲ್ಲ. ಜಗತ್ತಿನಲ್ಲಿ ಇಷ್ಟು ಸುಖದ ಸಾಲು ನಾನು ಓದಿಲ್ಲ. ಭಾನುವಾರ ಬೆಳಿಗ್ಗೆ ಎದ್ದ ತಕ್ಷಣ ಅಪ್ಪನ ತಲೆಯಲ್ಲಿ ಬರುವುದು ಇದೇ ಸಾಲು ಇರಬೇಕು.

ಟೇಬಲ್ಲನ್ನು ಈ ಪರೀಕ್ಷೆಗಳಿಗೆ ಮುಂಚೆ ಇದ್ದಂತೆ ಮಾಡಿ, ಮೆಸೇಜ್ ಆನ್ ಮಾಡಿ ಕೊನೆಯ ಸಲ ಓಡಿಸಿದೆವು. ಉಪ್ಪಿನಕಾಯಿ ಬಂದಿದೆ ಎಂದು ಮುನಿಸಿಕೊಂಡಿದ್ದ ಮನೆಗೆ ಸಾಂಬಾರ್ ಸಿಕ್ಕಿತು, ಅವರಿಗೆ ಪ್ರಮೋಷನ್ ಆದಷ್ಟು ಸಂತೋಷ. ಮೂರು ಮನೆ ಅನ್ನಕ್ಕೆ ಹೋಯಿತು. ಹಪ್ಪಳಕ್ಕೂ ಒಂದು ಮನೆ ಸಿಕ್ಕಿತು, ಬೇಕಾದಷ್ಟು.

ಭಾನುವಾರದ ಊಟ ಕೆಳಗಿನ ಪಾರ್ಕಿಂಗಿನಲ್ಲಿ, ಕಾರುಗಳನ್ನು ರಸ್ತೆಗೆ ಓಡಿಸಿ. ಅಮ್ಮ ಕೇರಳದ ಜರಿ ಅಂಚಿನ ಕಸವು ಸೀರೆ ಉಟ್ಟಿದ್ದರು. ಎಲೆ ಹಾಸಿದ ಕೂಡಲೇ ಪ್ರತಿ ಎಲೆಯ ಮೂಲೆಗೂ ಒಂದು ಚಮಚ ಪಾಯಸ ಬಡಿಸಿಕೊಂಡು ಬಂದರು. ಟೀಚರ್ ಎಲೆ ನೋಡಿದರು, ಅಮ್ಮನನ್ನು ನೋಡಿದರು. ಸಾಲು ಪೂರ್ತಿ ಕತ್ತು ಚಾಚಿತು.

“ನಮ್ಮ ಕಡೆ ಹೀಗೇ ಶುರು ಮಾಡೋದು ಟೀಚರ್,” ಎಂದರು ಅಮ್ಮ, ಯಾವತ್ತೂ ಇಲ್ಲದಂತೆ ಅವರೊಂದಿಗೆ ಕನ್ನಡದಲ್ಲೇ.

ಟೀಚರ್ ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟರು. ಅದು ಅವರದೇ ಅಡ ಪಾಯಸ, ಇನ್ನೇನು ಹೇಳುತ್ತಾರೆ. ಆಮೇಲೆ ಅನ್ನ ಬಂತು, ಪರಿಪ್ಪು ಬಂತು, ಸಾಂಬಾರು ಬಂತು, ಒಂದೂ ತಪ್ಪಲಿಲ್ಲ. ಕೊನೆಗೆ ಒಂದಾದ ಮೇಲೊಂದು ಪಾಯಸ. ಎರಡನೆಯದು ಬಂದಾಗ ಜನ ನಕ್ಕರು. ಮೂರನೆಯದಕ್ಕೆ ಪಂಚೆಯ ಗಂಟು ಸಡಿಲಿಸಿಕೊಂಡರು. ನಾಲ್ಕನೆಯದು ಬಂದಾಗ ಯಾರ ಮನೆಯದು ಎಂದು ಊಹಿಸುವ ಆಟ ಜಗಳದ ಮಟ್ಟಕ್ಕೆ ಹೋಗಿ, ಐದನೇ ಮಹಡಿಯ ಅಂಕಲ್ ಎದ್ದು ನಿಂತು ತಮ್ಮದನ್ನು ತಾವೇ ಹೊಗಳಿ ಸಿಕ್ಕಿಬಿದ್ದರು. ಟೀಚರ್ ಕೈ ತೊಳೆದು ಬಂದು ಅಮ್ಮನ ಕೈ ಹಿಡಿದು, ನಾಲ್ಕು ಪಾಯಸ ಮಾಡಿಸುವುದು ಇಷ್ಟು ವರ್ಷ ನನಗೆ ಹೊಳೆಯಲಿಲ್ಲ, ಇದು ಯಾರ ಬುದ್ಧಿ ಎಂದು ಕೇಳಿದರು. ಅಮ್ಮನಿಗೆ ಒಂದೂ ಗೊತ್ತಿಲ್ಲ. ನಕ್ಕರು ಅಷ್ಟೇ. ಈ ನಗು ಬೇರೆ ತರದ್ದು. ಅಪ್ಪ ಗೇಟಿನ ಕಡೆ ನೋಡದೆ ಇನ್ನೊಂದು ಲೋಟ ಪಾಯಸ ಹಾಕಿಸಿಕೊಂಡರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಧ್ಯಾಹ್ನ ಇಡೀ ಕಟ್ಟಡ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದಾಗ, ಕಟ್ಟಡದ ಹುಡುಗ ಹುಡುಗಿಯರೆಲ್ಲ ನಮ್ಮ ಮನೆಯ ಹಜಾರಕ್ಕೆ ಬಂದರು. ಅಮ್ಮ ಒಳಗೆ ಮಲಗಿದ್ದರು. ಚಿಕ್ಕಮ್ಮ ಸೋಫಾದ ಮೇಲೆ ಪೇಪರ್ ಮುಖಕ್ಕೆ ಹಾಕಿಕೊಂಡು ಬಿದ್ದಿದ್ದರು. ಪ್ರೇಕ್ಷಕರು ತಾವಾಗಿ ಬಂದರೆ ಕಲಾವಿದೆ ಏನು ಮಾಡಬೇಕು? ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಪಾಯಸ ನನ್ನ ಪ್ಲಾನ್ ಎಂದು ತಣ್ಣಗೆ ಹೇಳಿದೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಪ್ಲಗ್ ಕೀಳಿ ಎಂದೆ. ಕಿತ್ತರು. ಮತ್ತೆ ಹಚ್ಚಿದೆ. ಮಾಡಲು ಏನೂ ಇಲ್ಲ. ಚಪ್ಪಾಳೆ.

ಆಗ ಒಬ್ಬಳು, ಹಳೇದು ಓಡಿಸಿದರೆ ಏನಾಗುತ್ತಿತ್ತು ಎಂದು ಕೇಳಿದಳು. ನಾನು ಪೆದ್ದಿಯಲ್ಲ. ನಿಜವಾದ ಟೇಬಲ್ ಮುಟ್ಟಲಿಲ್ಲ. ಅದರದೊಂದು ಕಾಪಿ ಮಾಡಿ, ಕಾಪಿಯಲ್ಲಿ ಯಾರಿಗೆ ಯಾವ ಅಡುಗೆ ಎಂಬುದನ್ನೆಲ್ಲ ಖಾಲಿ ಮಾಡಿ, ಹಪ್ಪಳಕ್ಕೆ ಮತ್ತೆ ‘ಬೇಕಾದಷ್ಟು’ ಎಂದು ಬರೆದು, ಹಳೇ ಸ್ಕ್ರಿಪ್ಟನ್ನು ಅದರ ಮೇಲೆ ಬಿಟ್ಟೆ. ನೋಡಿ, ಒಂದು, ಎರಡು, ಮೂರು, ನಾಲ್ಕು ಎಂದು ಒತ್ತಿ ತೋರಿಸಿದೆ.

ಕಾಪಿ ಎಂದರೆ ಕಾಪಿ. ಅದರಲ್ಲಿ ಎಲ್ಲರ ಫೋನ್ ನಂಬರೂ ಇದ್ದವು.

ಮೊದಲು ಮೇಲಿನ ಮನೆಯಲ್ಲಿ ಒಂದು ಟಿಂಗ್. ಆಮೇಲೆ ಕೆಳಗೆ. ಆಮೇಲೆ ಮೂರನೇ ಮಹಡಿಯಿಂದ ಟೀಚರ್ ಫೋನಿನ ಚೆಂಡೆಯ ಸದ್ದು, ಅದನ್ನು ಅವರು ಕಿವಿ ಮಂದವೆಂದು ಪೂರ್ತಿ ಏರಿಸಿಟ್ಟಿರುತ್ತಾರೆ. ಕಟ್ಟಡದ ಕಿಟಕಿಗಳಿಂದ ಟಿಂಗ್ ಟಿಂಗ್ ಟಿಂಗ್. ಆಗಷ್ಟೇ ನಾಲ್ಕು ಪಾಯಸ ಕುಡಿದು ಕಣ್ಣು ಮುಚ್ಚಿದ್ದ ಜನಕ್ಕೆ, ‘ನಿಮ್ಮ ಮನೆಗೆ ಪಾಯಸ, ಅರವತ್ತು ಎಲೆಗೆ’. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಮ್ಮನ ಮುಖದ ಮೇಲಿದ್ದ ಪೇಪರ್ ನಿಧಾನವಾಗಿ ಅಲುಗಾಡಲು ಶುರುವಾಯಿತು, ಒಳಗೆ ನಗುತ್ತಿದ್ದರು. ಒಳಗಡೆ ಅಮ್ಮನ ಫೋನ್ ರಿಂಗಾಯಿತು.

ಅಮ್ಮ ಬಂದರು. ಫೋನ್ ಕಿವಿಯಲ್ಲಿ, ಕೂದಲು ಬಿಚ್ಚಿಕೊಂಡು, ಟೀಚರ್ ಹೇಳುತ್ತಿದ್ದುದನ್ನು ಕೇಳುತ್ತಾ ಲ್ಯಾಪ್‌ಟಾಪ್ ನೋಡಿದರು. ತೆರೆಯ ಮೇಲೆ ಪಾಯಸ, ಪಾಯಸ, ಪಾಯಸ, ಪಾಯಸ ಎಂದು ನಾಲ್ಕು ಸಾಲು ಇತ್ತು. ಅವನ್ನು ನೋಡಿದರು, ನನ್ನನ್ನು ನೋಡಿದರು, ಪೇಪರಿನಡಿ ಕುಲುಕುತ್ತಿದ್ದ ತಂಗಿಯನ್ನು ನೋಡಿದರು. ಫೋನಿಗೆ ಅಂಗೈ ಮುಚ್ಚಿದರು.

“ಮಹಾತಾಯಿ, ಇವತ್ತಿನ ನಾಲ್ಕೂ ಹೀಗೇ ಬಂದಿದ್ದಾ?”

ನಾನು ಎರಡೂ ಭಾಷೆಗೆ ಒಪ್ಪುವಂತೆ ಹೌದೆಂದು ತಲೆ ಆಡಿಸಿದೆ. ಅಮ್ಮ ಅಂಗೈ ತೆಗೆದು, ತಮ್ಮ ಮೈಸೂರು ಮಲಯಾಳದಲ್ಲಿ, ಬೆಣ್ಣೆ ಸವರಿದ ದನಿಯಲ್ಲಿ, ಅದು ಮುಂದಿನ ಓಣಂಗೆ ಟೀಚರ್, ಈಗಲೇ ಹೇಳಿಟ್ಟಿದ್ದೇನೆ, ಮುಂದಿನ ವರ್ಷವೂ ನಾನೇ ತಾನೇ ನೋಡಿಕೊಳ್ಳುವುದು ಎಂದರು. ಆ ಕಡೆಯಿಂದ ಟೀಚರ್ ಜೋರಾಗಿ ನಗುವುದು ಫೋನಿನಲ್ಲೂ ಕಿಟಕಿಯಲ್ಲೂ ಒಟ್ಟಿಗೆ ಕೇಳಿಸಿತು.

ಅಮ್ಮ ಫೋನ್ ಇಟ್ಟರು. ಬಗ್ಗಿ ಪ್ಲಗ್ ಕಿತ್ತರು. ತೆರೆ ಕಪ್ಪಾಯಿತು. ಚಾರ್ಜರಿನ ವೈರನ್ನು ನಿಧಾನವಾಗಿ ಮೊಣಕೈಗೆ ಸುತ್ತಿಕೊಂಡು ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯ ಹಿಂದೆ ಇಟ್ಟು, ಕಪಾಟಿನ ಬಾಗಿಲು ಹಾಕಿದರು.